ಪೆನ್ಸಿಲ್ ನನ್ನದು, ರಬ್ಬರ್ ಅವರದು

ಅವರ ಪಕ್ಕದಲ್ಲಿ ಕೂತು ಕೆಲಸ ಮಾಡುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಅವರು ಹೋಗಿ ಒಂದು ತಿಂಗಳಾಯಿತು. ವೈಕುಂಠ ಸಮಾರಾಧನೆಯ ದಿನ ಅವರ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಎಡಬಲದವರೆಲ್ಲ ಅವರ ತಾಳ್ಮೆಯನ್ನು ಹೊಗಳಿದರು. ನಾನು ಅನ್ನ ಕಲಸುತ್ತಲೇ ಕೂತೆ, ತಿನ್ನಲಿಲ್ಲ. ದುಃಖಕ್ಕಲ್ಲ, ಸಿಟ್ಟಿಗೆ. ತಾಳ್ಮೆ ಅವರಿಗೆಲ್ಲಿತ್ತು? ತಾಳಿಕೊಂಡವಳು ನಾನು.

ಪಕ್ಕದ ಹೆಂಗಸೊಬ್ಬರು, "ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

"ಒಟ್ಟಿಗೆ ಕೆಲಸ ಮಾಡ್ತಿದ್ವಿ."

"ಓ, ಒಂದೇ ಆಫೀಸಾ" ಎಂದು ಅವರು ಹುಳಿ ಬಡಿಸಲು ಬಂದವನ ಕಡೆ ತಿರುಗಿದರು.

ಒಂದೇ ಆಫೀಸಷ್ಟೇ ಅಲ್ಲ. ಒಂದೇ ಮೇಜು, ಒಂದೇ ಹಾಳೆ, ಒಂದೇ ಪೆನ್ಸಿಲ್ಲು. ಎಲೆಯ ಮುಂದೆ ಕೂತು ಇದನ್ನು ವಿವರಿಸುವುದು ಹೇಗೆ? ಇಬ್ಬರು ಅಕ್ಕಪಕ್ಕ ಕೂತು ಒಂದೇ ಪ್ರೋಗ್ರಾಮ್ ಬರೆಯುವುದಕ್ಕೆ ಈಗ ಪೇರ್ ಪ್ರೋಗ್ರಾಮಿಂಗ್ ಎಂಬ ಹೆಸರಿದೆಯಂತೆ. ಕಂಪನಿಗಳು ಅದನ್ನು ದುಡ್ಡು ಕೊಟ್ಟು ಕಲಿಸುತ್ತವಂತೆ. ನಾವು ಮಾಡುತ್ತಿದ್ದ ಕಾಲಕ್ಕೆ ಅದರ ಹೆಸರು ಹರಟೆ. ಹೆಸರಿಟ್ಟವರು ನಮ್ಮ ಮ್ಯಾನೇಜರು.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ರಾಜಾಜಿನಗರದಲ್ಲಿ ಕರೆಂಟ್ ಮೀಟರ್ ತಯಾರಿಸುವ ಒಂದು ಕಾರ್ಖಾನೆ. ಅದರ ಮಹಡಿಯ ಮೇಲೆ ಹೊಸದಾಗಿ ಶುರುವಾಗಿದ್ದ ಕಂಪ್ಯೂಟರ್ ವಿಭಾಗ. ಮೆಷಿನ್ ಇದ್ದ ಕೋಣೆಗೆ ಎ.ಸಿ., ನಮಗೆ ಕಿಟಕಿ. ಪ್ರೋಗ್ರಾಮನ್ನು ನಾವು ಚೌಕಗಳಿದ್ದ ಉದ್ದ ಹಾಳೆಯ ಮೇಲೆ, ಒಂದು ಚೌಕಕ್ಕೆ ಒಂದು ಅಕ್ಷರದಂತೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆವು. ಅದನ್ನು ಪಂಚಿಂಗ್ ಹುಡುಗಿಯರು ದಪ್ಪ ಕಾರ್ಡುಗಳ ಮೇಲೆ ತೂತುಗಳಾಗಿ ಹೊಡೆಯುತ್ತಿದ್ದರು. ಕಾರ್ಡಿನ ಕಟ್ಟು ಮೆಷಿನ್ ಕೋಣೆಗೆ ಹೋದರೆ ಉತ್ತರ ಬರುವುದು ಮಾರನೆಯ ದಿನ. ಎಲ್ಲೋ ಒಂದು ಫುಲ್‌ಸ್ಟಾಪ್ ಬಿಟ್ಟುಹೋಗಿದ್ದರೂ ಆ ದಿನ ಹಾಳು. ತಿದ್ದಿ ಮತ್ತೆ ಕಳಿಸಬೇಕು, ಮತ್ತೆ ಕಾಯಬೇಕು.

ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ವಿಜಯನಗರದಿಂದ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹೊಸಬಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಪ್ಪ ನಿವೃತ್ತರಾಗಿದ್ದರು, ತಂಗಿಯರು ಓದುತ್ತಿದ್ದರು, ಮನೆ ನನ್ನ ಮೇಲೆ ನಿಂತಿತ್ತು. ನನ್ನ ಪಕ್ಕದ ಕುರ್ಚಿಯವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು ಅದನ್ನು ಬಿಟ್ಟು ಇಲ್ಲಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ರಾಜಾಜಿನಗರದಲ್ಲೇ ಇದ್ದರು. ಗಂಜಿ ಹಾಕಿದ ವಾಯಿಲ್ ಸೀರೆ, ಬಳೆಗೆ ಸಿಕ್ಕಿಸಿದ ಎರಡು ಪಿನ್ನು, ಮೇಜಿನ ಕೆಳಗೆ ಕಳಚಿಟ್ಟ ಚಪ್ಪಲಿ. ಡ್ರಾಯರಿನಲ್ಲಿ ಸದಾ ಕೋಡುಬಳೆ. ನಾನು ಅತಿ ಕಷ್ಟದ ಸಾಲು ಬರೆಯುವ ಹೊತ್ತಿಗೇ ಅವರಿಗೆ ಅದು ನೆನಪಾಗುತ್ತಿತ್ತು. ಕಿವಿಯ ಪಕ್ಕದಲ್ಲಿ ಕಟಕಟ, ಹಾಳೆಯ ಮೇಲೆ ಪುಡಿ.

ನಾವು ಜೋಡಿಯಾಗಿದ್ದು ಒಲವಿನಿಂದಲ್ಲ. ಇಬ್ಬರೂ ಒಟ್ಟಿಗೇ ಪ್ರೋಗ್ರಾಮಿಂಗ್ ಕಲಿಯಬೇಕಿತ್ತು, ಪುಸ್ತಕ ಮಾತ್ರ ಒಂದೇ ಇತ್ತು. ಹಾಗಾಗಿ ಒಂದು ಮೇಜಿಗೆ ಎರಡು ಕುರ್ಚಿ ಹಾಕಿಕೊಂಡೆವು. ಮೊದಲ ದಿನ ನಾನು "ಮೇಡಂ" ಎಂದೆ.

"ಮೇಡಂ ಗೀಡಂ ಬೇಡ. ನಾನೇನು ನಿಂಗೆ ಪಾಠ ಮಾಡ್ತೀನಾ? ಅಕ್ಕ ಅನ್ನು ಸಾಕು."

ಕಾಯಿದೆ ಮಾಡಿದವರೂ ಅವರೇ. ಪೆನ್ಸಿಲ್ ಒಬ್ಬರ ಕೈಯಲ್ಲಿ, ರಬ್ಬರ್ ಇನ್ನೊಬ್ಬರ ಕೈಯಲ್ಲಿ. ಪೆನ್ಸಿಲ್ ಹಿಡಿದವರು ಅಳಿಸುವಂತಿಲ್ಲ, ರಬ್ಬರ್ ಹಿಡಿದವರು ಬರೆಯುವಂತಿಲ್ಲ. ಕಾಫಿ ಹೊತ್ತಿಗೆ ಅದಲು ಬದಲು. ಅಳಿಸುವ ಮೊದಲು ಯಾಕೆಂದು ಹೇಳಬೇಕು. ಬರೆದವರು ಒಪ್ಪಬೇಕು. ಒಪ್ಪದಿದ್ದರೆ ಕೂತು ಜಗಳ ಮುಗಿಸಬೇಕು, ಮುಂದೆ ಹೋಗುವ ಹಾಗಿಲ್ಲ.

ಕೇಳಲು ಚೆನ್ನಾಗಿದೆ. ಮಾಡಿ ನೋಡಿದರೆ ಗೊತ್ತಾಗುತ್ತದೆ. ನಾನು ಬೇಗ ಯೋಚಿಸುವವಳು, ಬೇಗ ಬರೆಯುವವಳು. ತಲೆಯಲ್ಲಿ ಹತ್ತು ಸಾಲು ಸಿದ್ಧವಾಗಿ ಪೆನ್ಸಿಲ್ಲು ಮೂರನೆಯ ಸಾಲಿನಲ್ಲಿರುವಾಗ ಪಕ್ಕದಿಂದ ಬರುತ್ತಿತ್ತು: "ನಂಗೆ ಅರ್ಥ ಆಗ್ಲಿಲ್ಲ."

"ಅಕ್ಕಾ, ಇದು ನಿನ್ನೆ ಮಾತಾಡಿದ್ದೇ ಅಲ್ವಾ?"

"ನಿನ್ನೆ ಅರ್ಥ ಆಗಿತ್ತು. ಇವತ್ತು ಆಗ್ಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಲು ಹೊರಟರೆ ನನ್ನ ಮಿಕ್ಕ ಏಳು ಸಾಲು ಆವಿಯಾಗುತ್ತಿದ್ದವು. ಎಷ್ಟೋ ಸಲ ಪೆನ್ಸಿಲ್ಲನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋಗಿದ್ದೇನೆ. ವಾಪಸು ಬಂದರೆ ಅವರು ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದರು. ಸಮಾಧಾನದ ಮಾತು ಒಂದಿಲ್ಲ. "ಬಂದ್ಯಾ? ಈಗ ಹೇಳು."

ಇದಕ್ಕಿಂತ ಕೆಟ್ಟದ್ದು ಅವರು ಮೆಷಿನ್ ಆಗುತ್ತಿದ್ದುದು. ಬರೆದು ಮುಗಿದ ಮೇಲೆ ಹಾಳೆಯನ್ನು ನನ್ನ ಮುಂದಿಟ್ಟು, ಒಂದು ಡಬ್ಬಿಯ ಹುಣಿಸೆಬೀಜ ಸುರಿದುಕೊಂಡು, "ಈಗ ನಾನು ಮೆಷಿನ್ನು, ಓದು" ಅನ್ನುತ್ತಿದ್ದರು. ನಾನು ಸಾಲು ಓದಬೇಕು, ಅವರು ಬೀಜ ಎಣಿಸಿ ಅತ್ತಿತ್ತ ಸರಿಸಬೇಕು. ಬರೆದದ್ದನ್ನಷ್ಟೇ ಮಾಡುವರು, ಬರೆಯದ್ದನ್ನು ಸತ್ತರೂ ಮಾಡರು. ಒಂದು ಸಲ ಲೆಕ್ಕಕ್ಕೆ ಕೊಟ್ಟ ಕಾರ್ಡುಗಳೆಲ್ಲ ಮುಗಿದಾಗ ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಅವರು ಕಣ್ಣು ತೆರೆದುಕೊಂಡು ಗೊಂಬೆಯ ಹಾಗೆ ಕೂತುಬಿಟ್ಟರು.

"ಅಕ್ಕಾ, ಕಾಫಿ ಬಂತು."

ಅವರ ಬೆರಳು ಕೊನೆಯ ಬೀಜದ ಮೇಲೇ ಇತ್ತು.

"ಅಕ್ಕಾ, ಎಲ್ರೂ ನೋಡ್ತಿದಾರೆ."

ಕಣ್ಣು ಕೂಡ ಅಲ್ಲಾಡಲಿಲ್ಲ. ಪಂಚಿಂಗ್ ಹುಡುಗಿಯರು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಕೊನೆಗೆ ನಾನು ಹಲ್ಲು ಕಚ್ಚಿಕೊಂಡು, ಮುಗಿದರೆ ನಿಲ್ಲು ಎಂಬ ಸಾಲು ಸೇರಿಸಿ ಗಟ್ಟಿಯಾಗಿ ಓದಿದ ಮೇಲೆಯೇ ಅವರು ಲೋಟಕ್ಕೆ ಕೈ ಹಾಕಿದ್ದು. "ಆರಿ ತಣ್ಣಗಾಯ್ತಲ್ಲೇ" ಎಂದು ನನ್ನನ್ನೇ ಬೈದರು.

ಅವರು ತಪ್ಪೇ ಮಾಡದ ಮೇಧಾವಿ ಎಂದುಕೊಳ್ಳಬೇಡಿ. ಪ್ರತಿ ಪ್ರೋಗ್ರಾಮಿನ ಆರಂಭದಲ್ಲೂ 'ಎನ್ವಿರಾನ್‌ಮೆಂಟ್' ಎಂಬ ಪದ ಬರೆಯಬೇಕಿತ್ತು. ಪ್ರತಿ ಸಲವೂ ಅದರ ನಡುವಿನ ಎನ್ ಅಕ್ಷರವನ್ನು ನುಂಗುತ್ತಿದ್ದರು. ನಾನು ರಬ್ಬರ್ ಎತ್ತಿದರೆ, "ಈಗ ಸರಿಯಾಗೇ ಬರ್ದಿದೀನಲ್ಲ" ಎಂದು ವಾದ ಬೇರೆ. ನಾನು ಫುಲ್‌ಸ್ಟಾಪ್ ನುಂಗುವವಳು. ಅವರಿಗೆ ಅದು ಕೋಣೆಯ ಆ ತುದಿಯಿಂದಲೇ ಕಾಣುತ್ತಿತ್ತು. ಬೇರೆಯವರ ಪ್ರೋಗ್ರಾಮುಗಳು ಮಾರನೆಯ ದಿನ ತಪ್ಪುಗಳ ಉದ್ದ ಬಾಲ ಕಟ್ಟಿಕೊಂಡು ಮರಳಿ ಬರುತ್ತಿದ್ದವು. ನಮ್ಮವು ಹೆಚ್ಚಾಗಿ ಮೊದಲ ಸಲಕ್ಕೇ ಓಡುತ್ತಿದ್ದವು. ಆ ಸುಖವನ್ನೂ ಅವರು ಅನುಭವಿಸಲು ಬಿಡುತ್ತಿರಲಿಲ್ಲ. ಸರಿಯಾದ ಉತ್ತರ ಬಂದ ದಿನ, "ಯಾಕೆ ಸರಿ ಬಂತು, ಹೇಳು" ಎಂದು ಕೂರಿಸಿಕೊಳ್ಳುತ್ತಿದ್ದರು.

ಮ್ಯಾನೇಜರಿಗೆ ಕಾಣುತ್ತಿದ್ದದ್ದು ಬೇರೆ. ತುರ್ತು ಪರಿಸ್ಥಿತಿಯ ದಿನಗಳು. ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಎಂಬ ಫಲಕ ಆಫೀಸು, ಬಸ್‌ಸ್ಟ್ಯಾಂಡು ಎನ್ನದೆ ಎಲ್ಲ ಕಡೆ ತೂಗುತ್ತಿತ್ತು. ಅವರ ಕುರ್ಚಿಯ ಹಿಂದೆಯೂ ಒಂದಿತ್ತು. ಒಂದು ದಿನ ಇಬ್ಬರನ್ನೂ ಕರೆಸಿದರು.

"ನೋಡೀಮ್ಮ, ಇಬ್ರೂ ಸಂಬಳ ತಗೋತೀರಾ, ಬರೆಯೋದು ಒಂದು ಪ್ರೋಗ್ರಾಮು. ಬೆಳಗ್ಗಿಂದ ಸಂಜೇವರೆಗೆ ಹರಟೆ. ಒಂದು ಬಸ್ಸಿಗೆ ಯಾರಾದ್ರೂ ಇಬ್ರು ಡ್ರೈವರ್ ಹಾಕ್ತಾರಾ?"

"ಇಲ್ಲ ಸಾರ್" ಎಂದರು ಅಕ್ಕ. "ಆದ್ರೆ ಕಂಡಕ್ಟರ್ ಹಾಕ್ತಾರೆ. ಅವನು ವಿಷಲ್ ಹೊಡೀದೆ ಬಸ್ಸು ಹೊರಡಲ್ಲ."

"ಓಹೋ. ನಿಮ್ಮಲ್ಲಿ ಡ್ರೈವರ್ ಯಾರು, ಕಂಡಕ್ಟರ್ ಯಾರು?"

"ಕಾಫಿ ಹೊತ್ತಿಗೆ ಬದಲಾಯಿಸ್ಕೋತೀವಿ ಸಾರ್."

ನಾನು ಕಾಲಿನಿಂದ ಅವರ ಕಾಲು ಒತ್ತಿದೆ. ಮ್ಯಾನೇಜರ್ ನಗಲಿಲ್ಲ. ಮುಂದಿನ ಸೋಮವಾರದಿಂದ ನಮ್ಮನ್ನು ಬೇರೆ ಮಾಡಿದರು. ಅಕ್ಕನಿಗೆ ಕಾರ್ಡ್ ದಾಸ್ತಾನಿನ ಪಕ್ಕದ ಕೋಣೆ, ನನಗೆ ಹಳೆಯ ಮೇಜು. ನಡುವೆ ಪ್ಲೈವುಡ್ ಗೋಡೆ. ಹರಟೆ ಕ್ಯಾಂಟೀನಿಗೆ ಸಾಗಬಾರದೆಂದು ಊಟದ ಹೊತ್ತನ್ನೂ ಬೇರೆ ಬೇರೆ ಮಾಡಿದರು.

ಮೊದಲ ವಾರ ನನಗೆ ಹಬ್ಬ. ಕಟಕಟ ಇಲ್ಲ, ಪುಡಿ ಇಲ್ಲ, ಹತ್ತೂ ಸಾಲು ಒಂದೇ ಉಸಿರಿಗೆ. ಎರಡನೆಯ ವಾರ ಫುಲ್‌ಸ್ಟಾಪುಗಳ ಉದ್ದ ಬಾಲ ನನಗೂ ಬಂತು. ಅವರ ಪಾಡು ಇನ್ನೂ ಕಷ್ಟ. ಅವರು ಬಾಯಿ ಬಿಟ್ಟು ಯೋಚಿಸುವವರು. ಪ್ಲೈವುಡ್ಡಿನ ಆಚೆಯಿಂದ, "ನಂಗೆ ಅರ್ಥ ಆಗ್ಲಿಲ್ಲ" ಎಂಬ ದನಿ ಕೇಳುತ್ತಿತ್ತು. ಆಮೇಲೆ ಅವರೇ ತಮಗೆ ಉತ್ತರ ಹೇಳಿಕೊಳ್ಳುತ್ತಿದ್ದರು. ಅದರ ಬಗ್ಗೆಯೂ ಯಾರೋ ದೂರು ಕೊಟ್ಟರು. ಆಮೇಲೆ ಆ ದನಿಯೂ ನಿಂತಿತು.

ಆಗ ನಮಗೆ ಕೊಟ್ಟ ಕೆಲಸ ದೊಡ್ಡದು. ಕಾರ್ಮಿಕರಲ್ಲಿ ಯಾರು ಯಾವ ವಾರ ಯಾವ ಪಾಳಿಗೆ ಬರಬೇಕೆಂಬ ಪಟ್ಟಿ ಅಕ್ಕನ ಪಾಲಿಗೆ, ಆ ಪಾಳಿಗೆ ಸರಿಯಾಗಿ ಕಾರ್ಖಾನೆಯ ಬಸ್ಸು ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂಬ ಪಟ್ಟಿ ನನ್ನ ಪಾಲಿಗೆ. ಅಲ್ಲಿಯವರೆಗೆ ಟೈಮ್ ಆಫೀಸಿನ ಒಬ್ಬರೇ ಗುಮಾಸ್ತರು ಎರಡನ್ನೂ ಕೈಯಲ್ಲಿ ಬರೆಯುತ್ತಿದ್ದರು. ಇವೆರಡನ್ನೂ ನಾವು ಕೂಡಿ ಕೂತು ಮಾಡುತ್ತೇವೆ ಎಂದು ನಾನು ಮ್ಯಾನೇಜರನ್ನು ಕೇಳಿದೆ. ಎರಡು ಸಲ ಕೇಳಿದೆ. ಅವರು ತಿರುಗದೆ ಹೆಬ್ಬೆರಳಿನಿಂದ ಹಿಂದಿನ ಫಲಕ ತೋರಿಸಿದರು.

ವಿದ್ಯುತ್ ಅಭಾವದ ಕಾಲ ಬೇರೆ. ಕಾರ್ಖಾನೆಗಳೆಲ್ಲ ಒಂದೇ ದಿನ ರಜೆ ಮಾಡುವಂತಿರಲಿಲ್ಲ. ನಮಗೆ ಶುಕ್ರವಾರ ರಜೆ, ಭಾನುವಾರ ಕೆಲಸ. ಅಕ್ಕನ ಪ್ರೋಗ್ರಾಮಿನಲ್ಲಿ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತಿತ್ತು. ನನ್ನದರಲ್ಲಿ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತಿತ್ತು. ಎರಡನ್ನೂ ಬೇರೆ ಬೇರೆ ಪರೀಕ್ಷಿಸಿದರು, ಎರಡೂ ಸರಿಯಾಗಿದ್ದವು. ವಾರ ಅಂದರೆ ಏನು ಎಂದು ಕೇಳುವವರು ಮಾತ್ರ ಯಾರೂ ಪಕ್ಕದಲ್ಲಿರಲಿಲ್ಲ.

ಹೊಸ ಪಟ್ಟಿಗಳು ಜಾರಿಗೆ ಬಂದ ಮೊದಲ ಭಾನುವಾರ. ಕೆಂಗೇರಿಯ ಕಡೆಯ ಹೆಂಗಸರಿಗೆ ಅಕ್ಕನ ಪಟ್ಟಿಯ ಪ್ರಕಾರ ಇನ್ನೂ ಬೆಳಗಿನ ಪಾಳಿ. ನನ್ನ ಪಟ್ಟಿಯ ಪ್ರಕಾರ ಆಗಲೇ ಹೊಸ ವಾರ, ಅವರಿಗೆ ಬಸ್ಸು ತಡವಾಗಿ. ಸೂರ್ಯ ಹುಟ್ಟುವ ಮೊದಲೇ ಅವರೆಲ್ಲ ಸ್ಟಾಪಿನಲ್ಲಿ ಬಂದು ನಿಂತರು. ಬಸ್ಸು ಬರಲಿಲ್ಲ. ತಡವಾದರೆ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಮೈಸೂರು ರಸ್ತೆಯಲ್ಲಿ ಬಂದ ಒಂದು ಇಟ್ಟಿಗೆ ಲಾರಿಗೆ ಕೈ ಅಡ್ಡ ಹಾಕಿ ಹತ್ತಿದರು. ಇಳಿಯುವಾಗ ಮೀಟರ್ ಜೋಡಿಸುವ ವಿಭಾಗದ ಗೌರಮ್ಮ ಎಂಬಾಕೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಸಣ್ಣ ಸಣ್ಣ ತಿರುಪುಗಳನ್ನು ಕೂರಿಸುವ ಕೈ ಅದು.

ಅವತ್ತು ಸಂಜೆ ಅಕ್ಕ ನನ್ನನ್ನು ಕೆಂಗೇರಿಗೆ ಕರೆದುಕೊಂಡು ಹೋದರು. ಗೌರಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ನಾವು ಯಾರೆಂದು ಹೇಳಿದೆವು.

"ಅದ್ಯಾವ್ದೋ ಮಿಷಿನ್ನು ಯೋಳ್ತಂತಲ್ಲವ್ವಾ, ಬಸ್ಸು ಕಳಿಸ್ಬ್ಯಾಡಿ ಅಂತ" ಎಂದಳು. "ನಮಗೊಂದು ಮಾತು ಯಾರಾರ ಯೋಳ್ಬಾರ್ದಿತ್ತಾ?"

"ಮಿಷಿನ್ ಅಲ್ಲಮ್ಮ, ನಾವೇ" ಎಂದರು ಅಕ್ಕ. "ನಾವಿಬ್ರು ಒಬ್ರಿಗೊಬ್ರು ಮಾತಾಡ್ಕೊಳ್ಲಿಲ್ಲ. ಅದಕ್ಕೇ ಹೀಗಾಯ್ತು."

ಗೌರಮ್ಮ ಅವರನ್ನೂ ನನ್ನನ್ನೂ ಒಂದಷ್ಟು ಹೊತ್ತು ನೋಡಿದಳು. "ಜಗಳ ಆಡಿದ್ರಾ?" ಎಂದು ಕೇಳಿದಳು.

ಗೇಟಿನಲ್ಲಿ ಕೂಗಾಡುವ ಕಾಲ ಅದಲ್ಲ. ಆದರೂ ಹೆಂಗಸರು ಕ್ಯಾಂಟೀನಿನಲ್ಲಿ ತಟ್ಟೆ ಮುಟ್ಟದೆ ಕೂತರು. ಕಾರ್ಖಾನೆಗೆ ತುರ್ತಾಗಿ ಒಂದು ಹೆಸರು ಬೇಕಾಯಿತು. ವಿಚಾರಣೆಯಲ್ಲಿ ಮೊದಲು ನನ್ನನ್ನು ಕರೆದರು. ಎರಡು ಪ್ರೋಗ್ರಾಮುಗಳಲ್ಲೂ ತಪ್ಪಿಲ್ಲ, ತಪ್ಪು ಅವೆರಡರ ನಡುವೆ ಇದೆ, ನಮ್ಮನ್ನು ಬೇರೆ ಕೂರಿಸಿದ್ದರಿಂದ ಅದು ಯಾರಿಗೂ ಕಾಣಲಿಲ್ಲ ಎಂದು ನಾನು ಹೇಳಿದೆ. ಮ್ಯಾನೇಜರ್ ಕನ್ನಡಕ ಒರೆಸಿಕೊಂಡರು. "ನಡುವೆ ಅಂದ್ರೆ ಯಾರಮ್ಮ? ಅಲ್ಲಿ ಯಾರು ಕೂತಿದ್ರು?"

"ಯಾರೂ ಕೂತಿರ್ಲಿಲ್ಲ ಸಾರ್. ಅದೇ ತಪ್ಪು."

"ನೀವಿನ್ನೂ ಖಾಯಂ ಆಗಿಲ್ಲ ಅಲ್ವಾ?" ಎಂದಷ್ಟೇ ಕೇಳಿದರು.

ಆಮೇಲೆ ಅಕ್ಕನನ್ನು ಕರೆದರು. ಅವರು ಒಳಗೆ ಹೋಗಿ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನನ್ನ ಮೇಜಿನ ಮುಂದೆಯೇ ಹಾದುಹೋದರು, ನಿಲ್ಲಲಿಲ್ಲ. ಮಧ್ಯಾಹ್ನ ಪಂಚಿಂಗ್ ಹುಡುಗಿಯೊಬ್ಬಳು ಬಂದು ಹೇಳಿದಳು: 'ವಾರದ ಲೆಕ್ಕ ತಪ್ಪಿದವಳು ನಾನೊಬ್ಬಳೇ, ಬಸ್ಸಿನ ಪ್ರೋಗ್ರಾಮ್ ಸರಿಯಾಗಿದೆ' ಎಂದು ಅಕ್ಕ ಒಪ್ಪಿಕೊಂಡರಂತೆ. ಕೆಂಗೇರಿಯ ಜಗಲಿಯಲ್ಲಿ 'ನಾವು' ಎಂದವರು ಎರಡು ದಿನಕ್ಕೆ 'ನಾನು' ಎಂದಿದ್ದರು. ಅವರನ್ನು ಸ್ಟೋರ್ಸಿಗೆ ವರ್ಗ ಮಾಡಿದರು. ಮುಂದಿನ ಬಡ್ತಿ ಹೋಯಿತು. ಕೆಲವು ತಿಂಗಳಿಗೆ ನನ್ನ ಕೆಲಸ ಖಾಯಂ ಆಯಿತು.

ವರ್ಗವಾದ ದಿನವೇ ನಾನು ಸ್ಟೋರ್ಸಿಗೆ ಓಡಿದ್ದೆ. ತಿರುಪು, ತಂತಿಗಳ ರ‍್ಯಾಕುಗಳ ನಡುವೆ ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಅಕ್ಕಾ, ಏನು ಹೇಳಿ ಬಂದ್ರಿ ನೀವು?"

"ಹೋಗು, ಕೆಲಸ ನೋಡು."

"ಸುಳ್ಳು ಹೇಳಿದೀರ. ನಾನು ಪರ್ಸನೆಲ್ ಆಫೀಸರ್ ಹತ್ರ ಹೋಗ್ತೀನಿ."

"ಹೋಗು."

ಹೋದೆ. ಒಪ್ಪಿಕೊಂಡವರೇ ಒಪ್ಪಿಕೊಂಡಿರುವಾಗ ನಿಮ್ಮದೇನಮ್ಮ ಎಂದು ಅವರು ಕಳಿಸಿದರು. ಯೂನಿಯನ್ ಮುಖಂಡರು, ಹೆಂಗಸರು ಸಮಾಧಾನವಾಗಿದ್ದಾರೆ, ಮತ್ತೆ ಕೆದಕಬೇಡಿ ಎಂದರು. ರಾಜೀನಾಮೆ ಕೊಡುತ್ತೇನೆಂದು ಮನೆಯಲ್ಲಿ ಕೂಗಾಡಿದೆ. ಅಮ್ಮ ಸುಮ್ಮನೆ ತಂಗಿಯರ ಮುಖ ನೋಡಿದರು. ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಎಲ್ಲ ಬಾಗಿಲಿಗೂ ಬೀಗ ಹಾಕಿದವರು ಮ್ಯಾನೇಜರ್ ಅಲ್ಲ, ಅಕ್ಕ. ಒಂದು ಫುಲ್‌ಸ್ಟಾಪ್ ಅಳಿಸಲು ನನ್ನ ಒಪ್ಪಿಗೆ ಕೇಳುತ್ತಿದ್ದವರು ಇಷ್ಟು ದೊಡ್ಡದನ್ನು ಒಬ್ಬರೇ ತೀರ್ಮಾನಿಸಿಬಿಟ್ಟಿದ್ದರು. ಅವರ ಜೊತೆ ಮಾತು ಬಿಟ್ಟೆ.

ದಶಕ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಬೇರೆ ಕಡೆ ಹೋದರು, ಹೊಸಬರು ಬಂದರು. ಆ ಭಾನುವಾರದ ನಂತರ ಪಟ್ಟಿಗಳು ಮತ್ತೆ ಗುಮಾಸ್ತರ ಕೈಗೆ ಹೋಗಿದ್ದವು. ಹೊಸಬರಿಗೆ ಅದನ್ನು ಮೆಷಿನ್ನಿಗೆ ತರಬೇಕಿತ್ತು. ನಾನು ನಡೆದದ್ದೆಲ್ಲ ಹೇಳಿ, ಅಕ್ಕ ಬಂದು ಪಕ್ಕದಲ್ಲಿ ಕೂತರೆ ಮಾತ್ರ ಮಾಡುತ್ತೇನೆ ಎಂದೆ. ಅವರು ಸ್ಟೋರ್ಸಿನಿಂದ ಕೆಲವು ವಾರಗಳ ಮಟ್ಟಿಗೆ ಕರೆಸಿದರು. ಅಕ್ಕ ಬಂದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕುರ್ಚಿ ಎಳೆದುಕೊಂಡು, ಚಪ್ಪಲಿ ಕಳಚಿ, "ವಾರ ಅಂದ್ರೆ ಏನು?" ಎಂದು ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಜಗಳಕ್ಕೆ ಬಿದ್ದೆವು. ಒಂದೇ ಪ್ರೋಗ್ರಾಮಾಗಿ ಎರಡು ಪಟ್ಟಿಯನ್ನೂ ಬರೆದೆವು. ಅದು ಆ ಕಾರ್ಖಾನೆಯಲ್ಲಿ ಬಹಳ ವರ್ಷ ನಡೆಯಿತು. ಗೌರಮ್ಮನ ಕೈ ಸೊಟ್ಟಗೆ ಕೂಡಿಕೊಂಡು ಅವಳನ್ನು ಪ್ಯಾಕಿಂಗಿಗೆ ಹಾಕಿದ್ದರು. ಅವಳ ಬಸ್ಸು ಮತ್ತೆ ತಪ್ಪಲಿಲ್ಲ.

ಮುಗಿದ ದಿನ ಹೊಸ ಮ್ಯಾನೇಜರ್, ಇಲ್ಲೇ ಇದ್ದುಬಿಡಿ ಎಂದು ಅವರನ್ನು ಕೇಳಿದರು. ಅವರು, ಸ್ಟೋರ್ಸೇ ಅಭ್ಯಾಸವಾಗಿದೆ ಎಂದು ಕೈ ಮುಗಿದು ಬಂದುಬಿಟ್ಟರು. ಆಗಲೂ ನನ್ನನ್ನು ಕೇಳಲಿಲ್ಲ. ಅವತ್ತು ಸಂಜೆ ವಿಜಯನಗರದಲ್ಲಿ ಯಾರನ್ನೋ ನೋಡಬೇಕೆಂದು ನನ್ನ ಬಸ್ಸಿಗೇ ಹತ್ತಿದರು. ಪಕ್ಕದಲ್ಲಿ ಕೂತರು. ಮಾಗಡಿ ರಸ್ತೆಗೆ ಬರುವವರೆಗೂ ನಾನು ತಡೆದುಕೊಂಡೆ.

"ಅವತ್ತು ನನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ."

"ಒಪ್ಪದೇ ಇರೋ ಹಕ್ಕು ನಂಗಿರ್ಲಿಲ್ವಾ ಅಕ್ಕಾ?"

ಅವರು ಬಳೆಯ ಪಿನ್ನೊಂದನ್ನು ಕಳಚಿ ಮತ್ತೆ ಸಿಕ್ಕಿಸಿದರು. ಏನಾದರೂ ಸಮಜಾಯಿಷಿ ಕೊಡುತ್ತಾರೆ, ನಾನು ಅದನ್ನು ಹರಿದು ಹಾಕಬಹುದು ಎಂದು ಕಾಯುತ್ತಿದ್ದೆ.

"ಇತ್ತು ಕಣೇ" ಎಂದರು. "ಇತ್ತು. ಅದನ್ನ ನಾನು ಕಿತ್ಕೊಂಡೆ. ನಿನ್ನ ಕೋಪ ನೀನು ಇಟ್ಕೋ. ಕೆಲಸ ಮಾತ್ರ ಬಿಡ್ಬೇಡ."

ಬಸ್ಸು ನಿಂತಿತು. ಅವರು ಮುಂದಿನ ಬಾಗಿಲಿನಿಂದ ಇಳಿದರು, ನಾನು ಹಿಂದಿನ ಬಾಗಿಲಿನಿಂದ. ಜನರ ನಡುವೆ ಅವರ ಗಂಜಿ ಸೀರೆ ಒಂದು ಕ್ಷಣ ಕಂಡು ಮರೆಯಾಯಿತು. ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ.

ಕೆಲಸವನ್ನು ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ಕೋಪ ಇನ್ನೂ ಇಟ್ಟುಕೊಂಡಿದ್ದೇನೆ.